ಇಂಜಿನ್ ಆಯಿಲ್: ಬಣ್ಣದಿಂದ ತಿಳಿಯುವುದೆಷ್ಟು, ಡಬ್ಬಿಯ ಬರಹದಿಂದ ತಿಳಿಯುವುದೆಷ್ಟು

ಮಂಗಳೂರಿನ ಬಂದರು ಪ್ರದೇಶದ ಅಂಗಡಿಯಾಗಲಿ, ಉಡುಪಿಯ ಕಲ್ಸಂಕದ ಆಸುಪಾಸಿನ ಗ್ಯಾರೇಜಾಗಲಿ, ಹೊಸ ಆಯಿಲಿನ ಡಬ್ಬಿ ತೆರೆದೊಡನೆ ಗಾಡಿಯವರು ಮೊದಲು ನೋಡುವುದು ಅದರ ಬಣ್ಣವನ್ನು. ತಿಳಿ ಹೊಂಬಣ್ಣವಿದ್ದರೆ ಅಸಲಿ ಸಿಂಥೆಟಿಕ್, ಕಂದು ಹೆಚ್ಚಿದ್ದರೆ ಹಳೆಯ ಸರಕು, ಕೆಂಪೋ ಹಸಿರೋ ಇದ್ದರೆ ರೇಸಿಂಗ್ ಆಯಿಲ್ ಎಂಬ ತೀರ್ಮಾನಗಳು ಆ ಕ್ಷಣದಲ್ಲೇ ಆಗಿಬಿಡುತ್ತವೆ. ಈ ಮೂರೂ ತೀರ್ಮಾನಗಳಿಗೆ ಆಧಾರವಿಲ್ಲ. ಹೊಸ ಆಯಿಲಿನ ಬಣ್ಣ ಅದರ ಗುಣಮಟ್ಟದ ಬಗ್ಗೆ ಬಹುತೇಕ ಏನನ್ನೂ ಹೇಳುವುದಿಲ್ಲ. ಇಂಜಿನ್ ಒಳಗೆ ಓಡಿದ ಆಯಿಲಿನ ಬಣ್ಣ ಮಾತ್ರ ಕೆಲವು ಖಚಿತ ವಿಷಯಗಳನ್ನು ಹೇಳುತ್ತದೆ. ಕೊಳ್ಳುವಾಗ ಓದಬೇಕಾದದ್ದು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು, ಅದೂ ಒಂದು ಕ್ರಮದಲ್ಲಿ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬಣ್ಣ ಬರುವುದು ಎಲ್ಲಿಂದ

ಸಿದ್ಧ ಇಂಜಿನ್ ಆಯಿಲಿನ ಮುಕ್ಕಾಲು ಪಾಲಿಗೂ ಹೆಚ್ಚು ಮೂಲತೈಲ, ಉಳಿದದ್ದು ಸೇರ್ಪಡೆ ರಾಸಾಯನಿಕಗಳು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮೂಲತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಗುಂಪುಗಳು ಸಾಮಾನ್ಯ ಮಿನರಲ್ ತೈಲಗಳು. ಮೂರನೆಯದು ಹೈಡ್ರೋಜನ್ ಬಳಸಿ ತೀವ್ರವಾಗಿ ಸಂಸ್ಕರಿಸಿದ ತೈಲ. ನಾಲ್ಕನೆಯದು ಪಾಲಿಆಲ್ಫಾಓಲಿಫಿನ್ ಎಂಬ ಪೂರ್ಣ ಕೃತಕ ತೈಲ. ಎಸ್ಟರ್ ಮೊದಲಾದ ಉಳಿದವೆಲ್ಲ ಐದನೆಯದಕ್ಕೆ ಸೇರುತ್ತವೆ. ಮೂರನೆಯ ಮತ್ತು ನಾಲ್ಕನೆಯ ಗುಂಪಿನ ತೈಲಗಳು ಬಾಟಲಿಯಲ್ಲಿ ಹೆಚ್ಚುಕಡಿಮೆ ನೀರಿನಷ್ಟೇ ತಿಳಿಯಾಗಿ ಕಾಣುತ್ತವೆ. ನಾವು ನೋಡುವ ಹೊಂಬಣ್ಣ ಅಥವಾ ಕಂದು ಬಣ್ಣದ ಬಹುಪಾಲು ಬರುವುದು ಮಸಿಯನ್ನು ಚದುರಿಸಿ ಹಿಡಿದಿಡುವ ಡಿಸ್ಪರ್ಸೆಂಟ್, ಕೊಳೆ ತೊಳೆಯುವ ಡಿಟರ್ಜೆಂಟ್ ಮೊದಲಾದ ಸೇರ್ಪಡೆಗಳಿಂದ. ಹಾಗಾಗಿ ಸೇರ್ಪಡೆಗಳು ಧಾರಾಳವಾಗಿರುವ ಒಳ್ಳೆಯ ಡೀಸೆಲ್ ಆಯಿಲ್, ಅಗ್ಗದ ಪೆಟ್ರೋಲ್ ಆಯಿಲಿಗಿಂತ ಕಪ್ಪಗಿದ್ದರೆ ಅದರಲ್ಲಿ ಅನುಮಾನಪಡುವಂಥದ್ದೇನೂ ಇಲ್ಲ.

ಇನ್ನು ಕೆಂಪು, ಹಸಿರು, ನೇರಳೆಗಳು ಬೆರೆಸಿದ ಬಣ್ಣಗಳು. ಅಮೆರಿಕದ ರಾಯಲ್ ಪರ್ಪಲ್ ಆಯಿಲ್ ತನ್ನ ಹೆಸರಿಗೆ ತಕ್ಕಂತೆ ನೇರಳೆಯಾಗಿರುವುದು ಗುರುತಿಗಾಗಿ. ಮಲ್ಪೆಯ ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್‌ಗಳಿಗೆ ಬಳಸುವಂಥ ಟೂ-ಸ್ಟ್ರೋಕ್ ಆಯಿಲ್‌ಗಳಲ್ಲಿ ಅನೇಕವು ನೀಲಿಯಾಗಿರುವುದಕ್ಕೂ ಕಾರಣ ಸರಳ: ಇಂಧನಕ್ಕೆ ಆಯಿಲ್ ಬೆರೆಸಿ ಆಗಿದೆಯೋ ಇಲ್ಲವೋ ಎಂಬುದು ನೋಡಿದ ಕೂಡಲೇ ತಿಳಿಯಬೇಕು. ತಯಾರಕರು ಬಣ್ಣವನ್ನು ಎಎಸ್‌ಟಿಎಂ ಡಿ1500 ಎಂಬ ಅಳತೆಯಲ್ಲಿ 0.5ರಿಂದ 8ರವರೆಗಿನ ಅಂಕಿಗಳಲ್ಲಿ ದಾಖಲಿಸುವುದುಂಟು. ಆದರೆ ಅದು ಒಂದೇ ಆಯಿಲಿನ ಒಂದು ಬ್ಯಾಚು ಇನ್ನೊಂದಕ್ಕೆ ಹೊಂದುತ್ತದೆಯೇ ಎಂದು ನೋಡುವುದಕ್ಕೆ. ಎರಡು ಕಂಪನಿಗಳ ಆಯಿಲ್‌ಗಳನ್ನು ತೂಗಿ ನೋಡುವುದಕ್ಕಲ್ಲ.

ಬಣ್ಣಕ್ಕೆ ನಿಜವಾದ ಅರ್ಥವಿರುವ ಒಂದು ಅಪವಾದವನ್ನು ಇಲ್ಲೇ ಹೇಳಿಬಿಡಬೇಕು. ಫೋಕ್ಸ್‌ವ್ಯಾಗನ್ ಸಮೂಹದ 508 00/509 00 ಮಾನದಂಡದ ತೆಳುವಾದ 0ಡಬ್ಲ್ಯು-20 ಆಯಿಲ್‌ಗಳು ಹಸಿರಾಗಿರುತ್ತವೆ. ಅದಕ್ಕೆಂದು ರೂಪಿಸದ ಹಳೆಯ ಇಂಜಿನ್‌ಗಳಿಗೆ ತಪ್ಪಿ ಸುರಿಯಬಾರದೆಂಬುದು ಇದರ ಉದ್ದೇಶ. ಇಲ್ಲಿಯೂ ಹಸಿರು ಹೇಳುವುದು ‘ಇದು ಯಾವ ಆಯಿಲ್’ ಎಂಬುದನ್ನು. ‘ಎಷ್ಟು ಒಳ್ಳೆಯದು’ ಎಂಬುದನ್ನಲ್ಲ.

ಹಂತ 1: ಅಂಗಡಿಗೆ ಹೋಗುವ ಮೊದಲು ಮ್ಯಾನುಯಲ್ ತೆರೆಯಿರಿ

ಗಾಡಿಯ ಮ್ಯಾನುಯಲ್‌ನಲ್ಲಿ ಆಯಿಲ್ ಕುರಿತ ಪುಟದಿಂದ ಮೂರು ವಿಷಯಗಳನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು: ಸ್ನಿಗ್ಧತೆಯ (ಅಂದರೆ ಆಯಿಲಿನ ದಪ್ಪದ) ದರ್ಜೆ, ಗುಣಮಟ್ಟದ ವರ್ಗ, ಫಿಲ್ಟರ್ ಸಹಿತ ಬದಲಿಸುವಾಗ ಬೇಕಾಗುವ ಪ್ರಮಾಣ. ಮೂರನೆಯದನ್ನು ಬರೆದುಕೊಳ್ಳದೆ ಹೋದವರು ಮೂರೂವರೆ ಲೀಟರಿನ ಇಂಜಿನ್‌ಗೆ ಮೂರು ಲೀಟರಿನ ಡಬ್ಬಿ ಹಿಡಿದುಕೊಂಡು ಬರುವುದು ಸಾಮಾನ್ಯ.

5ಡಬ್ಲ್ಯು-30 ಎಂಬ ಬರಹದಲ್ಲಿ ‘ಡಬ್ಲ್ಯು’ ಇಂಗ್ಲಿಷಿನ ಚಳಿಗಾಲ ಎಂಬ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ಕೊರೆಯುವ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಚಲಿಸುತ್ತದೆ ಎಂಬುದನ್ನು ಸೂಚಿಸುತ್ತದೆ. 5ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಎರಡನೆಯ ಅಂಕಿ ಇಂಜಿನ್ ಬಿಸಿಯಾದ ಮೇಲಿನ ಸ್ನಿಗ್ಧತೆಗೆ ಸಂಬಂಧಿಸಿದ್ದು. ಎಸ್‌ಎಇ ಸಂಸ್ಥೆಯ ಜೆ300 ಮಾನದಂಡದ ಪ್ರಕಾರ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರ ದರ್ಜೆಯ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ), 30ರದ್ದು 9.3ರಿಂದ 12.5, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9ರೊಳಗೆ ಇರಬೇಕು.

ಕರಾವಳಿಯಲ್ಲಿ ಡಿಸೆಂಬರಿನ ಬೆಳಗ್ಗೆಯೂ ಸ್ವೆಟರ್ ಬೇಕಾಗುವುದಿಲ್ಲ. ಹಾಗಿದ್ದ ಮೇಲೆ 0ಡಬ್ಲ್ಯು, 5ಡಬ್ಲ್ಯು ನಮಗೇಕೆ ಎಂದು ಕೇಳುವವರಿದ್ದಾರೆ. ಇಂಜಿನ್ ಕೆಲಸಮಾಡುವ ಬಿಸಿಗೆ ಹೋಲಿಸಿದರೆ ಸುರತ್ಕಲ್ಲಿನ ಮುಂಜಾನೆಯ 24 ಡಿಗ್ರಿಯೂ ತಣ್ಣಗೇ. ಆ ಹೊತ್ತಿನಲ್ಲಿ 20ಡಬ್ಲ್ಯು-50 ಆಯಿಲ್ 5ಡಬ್ಲ್ಯು-30ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಟ್ಟಿಯಾಗಿರುತ್ತದೆ, ಹಾಗಾಗಿ ಕ್ಯಾಮ್‌ಶಾಫ್ಟ್‌ವರೆಗೆ ಏರಲು ಹೆಚ್ಚು ಹೊತ್ತು ಹಿಡಿಯುತ್ತದೆ. ‘ನಮ್ಮೂರಿನ ಸೆಖೆಗೆ ದಪ್ಪ ಆಯಿಲೇ ಆಗಬೇಕು’ ಎಂಬ ಗ್ಯಾರೇಜಿನ ಮಾತು ಕಾರ್ಬುರೇಟರ್ ಕಾಲದ ಇಂಜಿನ್‌ಗಳಿಗೆ ಸರಿಯಿದ್ದಿರಬಹುದು. ಇಂದಿನ ಕಾರಿನ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇರುವುದರಿಂದ ಹೊರಗೆ 34 ಡಿಗ್ರಿ ಇದ್ದರೂ 24 ಇದ್ದರೂ ಒಳಗಿನ ಆಯಿಲಿನ ಬಿಸಿ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಹೊರೆಯಿಂದ. ಏಳು ಜನರನ್ನೂ ಸಾಮಾನನ್ನೂ ಹೇರಿಕೊಂಡು ವಾರಕ್ಕೆರಡು ಬಾರಿ ಶಿರಾಡಿ ಅಥವಾ ಆಗುಂಬೆ ಘಾಟಿ ಹತ್ತುವ ಗಾಡಿಗೆ, ಮ್ಯಾನುಯಲ್ ಎರಡು ದರ್ಜೆಗಳಿಗೆ ಅನುಮತಿ ಕೊಟ್ಟಿದ್ದರೆ, ನಾನು ಎರಡರಲ್ಲಿ ದಪ್ಪಗಿನದನ್ನು ಆರಿಸಲು ಹೇಳುತ್ತೇನೆ. ಅನುಮತಿ ಇಲ್ಲದಿದ್ದರೆ ಇಲ್ಲ.

ಹಂತ 2: ಗುಣಮಟ್ಟದ ವರ್ಗವನ್ನು ಹೊಂದಿಸಿ ನೋಡಿ

ಸ್ನಿಗ್ಧತೆ ಹೇಳುವುದು ದಪ್ಪವನ್ನು ಮಾತ್ರ. ಆಯಿಲ್ ಇಂಜಿನ್ನನ್ನು ಎಷ್ಟು ಕಾಪಾಡುತ್ತದೆ ಎಂಬುದಕ್ಕೆ ಬೇರೆ ಅಕ್ಷರಗಳಿವೆ. ಎಪಿಐ ವರ್ಗಗಳಲ್ಲಿ ‘ಎಸ್’ನಿಂದ ಶುರುವಾಗುವವು ಪೆಟ್ರೋಲ್ ಇಂಜಿನ್‌ಗಳಿಗೆ, ‘ಸಿ’ಯಿಂದ ಶುರುವಾಗುವವು ಡೀಸೆಲ್ ಇಂಜಿನ್‌ಗಳಿಗೆ. ಎಸ್‌ಎನ್ 2010ರಲ್ಲಿ ಬಂತು, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಪೆಟ್ರೋಲ್ ಕಾರುಗಳ ಮಟ್ಟಿಗೆ ಹೊಸ ವರ್ಗ ಹಳೆಯದರ ಜಾಗದಲ್ಲಿ ನಡೆಯುತ್ತದೆ. ಎಸ್‌ಎನ್ ಕೇಳಿದ ಇಂಜಿನ್‌ಗೆ ಎಸ್‌ಪಿ ಹಾಕಬಹುದು, ಎಸ್‌ಪಿ ಕೇಳಿದ್ದಕ್ಕೆ ಎಸ್‌ಎನ್ ಹಾಕಬಾರದು. ಟರ್ಬೊ ಇರುವ ನೇರ ಇಂಜೆಕ್ಷನ್ ಪೆಟ್ರೋಲ್ ಇಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವ ಸಮಸ್ಯೆಯನ್ನೂ ಟೈಮಿಂಗ್ ಚೈನ್ ಸವೆತವನ್ನೂ ಎದುರಿಸಲೆಂದೇ ಎಸ್‌ಪಿಯಲ್ಲಿ ಹೊಸ ಪರೀಕ್ಷೆಗಳನ್ನು ಸೇರಿಸಲಾಯಿತು.

ಡೀಸೆಲ್ ಗಾಡಿಯವರು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಮಸಿಯನ್ನು ಅದು ಸುಟ್ಟುಕೊಳ್ಳುತ್ತದೆ. ಆದರೆ ಆಯಿಲಿನ ಲೋಹಾಂಶದಿಂದ ಉಂಟಾಗುವ ಬೂದಿಯನ್ನು ಸುಡಲಾಗುವುದಿಲ್ಲ, ಅದು ಅಲ್ಲೇ ಕಟ್ಟಿಕೊಳ್ಳುತ್ತ ಹೋಗುತ್ತದೆ. ಆದ್ದರಿಂದ ಯುರೋಪಿನ ಎಸಿಇಎ ಸಂಸ್ಥೆ ‘ಸಿ’ ಸರಣಿಯ ಕಡಿಮೆ ಬೂದಿಯ ಆಯಿಲ್‌ಗಳನ್ನು ಗೊತ್ತುಮಾಡಿದೆ. ಸಿ3ರಲ್ಲಿ ಸಲ್ಫೇಟೆಡ್ ಬೂದಿ ಶೇ 0.8 ಮೀರಬಾರದು. ಹಳೆಯ ಡೀಸೆಲ್ ಕಾರಿಗೆ ವರ್ಷಗಟ್ಟಲೆ ಹಾಕುತ್ತಿದ್ದ 15ಡಬ್ಲ್ಯು-40 ಸಿಐ-4 ಆಯಿಲನ್ನೇ ಹೊಸ ಗಾಡಿಗೂ ಸುರಿದರೆ ಇಂಜಿನ್ ತಕ್ಷಣಕ್ಕೆ ಏನನ್ನೂ ತೋರಿಸದು. ಸಾವಿರಾರು ಕಿಲೋಮೀಟರಿನ ನಂತರ ಡಿಪಿಎಫ್ ಕಟ್ಟಿಕೊಂಡು ದೊಡ್ಡ ಮೊತ್ತದ ಬಿಲ್ಲು ಬರುತ್ತದೆ.

ಬೈಕುಗಳ ವಿಷಯವೇ ಬೇರೆ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕೂಡ ಇಂಜಿನ್ ಆಯಿಲಿನಲ್ಲೇ ಮುಳುಗಿರುವುದರಿಂದ ಕಾರಿನ ಇಂಧನ ಉಳಿಸುವ ನಯವಾದ ಆಯಿಲ್ ಹಾಕಿದರೆ ಕ್ಲಚ್ ಸ್ಲಿಪ್ ಆಗಬಹುದು. ಜಪಾನಿನ ಜಾಸೊ ಮಾನದಂಡದಲ್ಲಿ ಇದಕ್ಕೆಂದೇ ಎಂಎ ಮತ್ತು ಎಂಎ2 ವರ್ಗಗಳಿವೆ. ಗೇರಿಲ್ಲದ ಸ್ಕೂಟರ್‌ಗಳ ಕ್ಲಚ್ ಒಣಗಿದ್ದು. ಆ್ಯಕ್ಟಿವಾದಂಥವಕ್ಕೆ 10ಡಬ್ಲ್ಯು-30 ದರ್ಜೆಯ, ಜಾಸೊದ್ದೇ ಇನ್ನೊಂದು ವರ್ಗವಾದ ಎಂಬಿ ಸಾಕು. ಮನೆಯಲ್ಲಿ ಬೈಕೂ ಸ್ಕೂಟರೂ ಎರಡೂ ಇದ್ದು ಒಂದೇ ಡಬ್ಬಿಯಲ್ಲಿ ಎರಡನ್ನೂ ಮುಗಿಸಬೇಕೆನ್ನುವವರು ಎಂಬಿಯನ್ನು ಬೈಕಿಗೆ ಹಾಕಲೇಬಾರದು.

ಹಂತ 3: ‘ಅನುಮೋದಿತ’ ಮತ್ತು ‘ಸೂಕ್ತ’ ಎಂಬುವುಗಳ ಅಂತರ

ಡಬ್ಬಿಯ ಹಿಂದೆ ಮರ್ಸಿಡಿಸ್, ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್ ಹೆಸರುಗಳ ಸಾಲೇ ಇರಬಹುದು. ಅವುಗಳ ಮೇಲಿನ ಶೀರ್ಷಿಕೆಯನ್ನು ಓದಬೇಕು. ‘ಅಪ್ರೂವ್ಡ್’ ಎಂದಿದ್ದರೆ ಕಾರಿನ ಕಂಪನಿ ಆ ಆಯಿಲಿಗೆ ಒಪ್ಪಿಗೆ ಪತ್ರ ಕೊಟ್ಟಿದೆ ಎಂದರ್ಥ. ‘ಮೀಟ್ಸ್’, ‘ಸೂಟೆಬಲ್ ಫಾರ್’, ‘ರೆಕಮೆಂಡೆಡ್ ಫಾರ್’ ಎಂದಿದ್ದರೆ ಅದು ಆಯಿಲ್ ತಯಾರಕನ ಸ್ವಂತ ಮಾತು. ಆ ಮಾತು ಸುಳ್ಳೇ ಆಗಬೇಕಿಲ್ಲ, ಆದರೆ ವಾರಂಟಿ ಇರುವ ಗಾಡಿಗೆ ಮೊದಲನೆಯದನ್ನೇ ಹುಡುಕುವುದು ಕ್ಷೇಮ. ಎಪಿಐ ಪರವಾನಗಿ ಇದ್ದರೆ ಡಬ್ಬಿಯ ಮೇಲೆ ಉಂಗುರದಾಕಾರದ ಮುದ್ರೆ ಇರುತ್ತದೆ: ಮೇಲ್ಭಾಗದಲ್ಲಿ ವರ್ಗ, ನಡುವೆ ಸ್ನಿಗ್ಧತೆ. ಪರವಾನಗಿ ಪಡೆದವರ ಪಟ್ಟಿಯನ್ನು ಎಪಿಐ ತನ್ನ ಜಾಲತಾಣದಲ್ಲಿ ತೆರೆದಿಟ್ಟಿರುವುದರಿಂದ ಅಂಗಡಿಯ ಮುಂದೆ ನಿಂತೇ ಮೊಬೈಲಿನಲ್ಲಿ ತಾಳೆ ನೋಡಬಹುದು.

ಹಂತ 4: ಡೇಟಾ ಶೀಟನ್ನು ಓದುವ ಬಗೆ

ಒಳ್ಳೆಯ ತಯಾರಕರು ಪ್ರತಿ ಆಯಿಲಿಗೂ ಒಂದು ಪುಟದ ಡೇಟಾ ಶೀಟ್ ಪ್ರಕಟಿಸುತ್ತಾರೆ. ಅದು ಸಿಗದ ಆಯಿಲನ್ನು ಬಿಟ್ಟು ಮುಂದೆ ಹೋಗುವುದು ನನ್ನ ರೂಢಿ. ಅಲ್ಲಿನ ಅಂಕಿಗಳು ಏನು ಹೇಳುತ್ತವೆ ಎಂಬುದನ್ನು ತೋರಿಸಲು ಎರಡು ಕಾಲ್ಪನಿಕ 5ಡಬ್ಲ್ಯು-30 ಆಯಿಲ್‌ಗಳನ್ನು ಅಕ್ಕಪಕ್ಕ ಇಡೋಣ. ಹೊಸ ಹೆಸರುಗಳ ಅರ್ಥ ಅಂಕಿಗಳ ನಂತರ ಬರುತ್ತದೆ.

ಮೊದಲನೆಯದರಲ್ಲಿ 100 ಡಿಗ್ರಿಯ ಸ್ನಿಗ್ಧತೆ 12.1, ಎಚ್‌ಟಿಎಚ್‌ಎಸ್ 3.5, ನೋಆಕ್ ಶೇ 9, ಬೂದಿ ಶೇ 0.8, ಟಿಬಿಎನ್ 7.4. ಎರಡನೆಯದರಲ್ಲಿ ಸ್ನಿಗ್ಧತೆ 10.0, ಎಚ್‌ಟಿಎಚ್‌ಎಸ್ 3.0, ನೋಆಕ್ ಶೇ 13, ಬೂದಿ ಶೇ 0.9, ಟಿಬಿಎನ್ 8. ಹೆಸರಿಗೆ ಎರಡೂ ಒಂದೇ ದರ್ಜೆ. ಕೆಲಸದಲ್ಲಿ ಎರಡೂ ಬೇರೆ. ಎಚ್‌ಟಿಎಚ್‌ಎಸ್ ಎಂಬುದು 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನೊಳಗಿನಂಥ ತೀವ್ರ ತಿಕ್ಕಾಟದಲ್ಲಿ ಉಳಿಯುವ ಸ್ನಿಗ್ಧತೆ. 30ರ ದರ್ಜೆಗೆ ಜೆ300 ಕೇಳುವುದು ಕನಿಷ್ಠ 2.9, ಎಸಿಇಎ ಸಿ3 ಕೇಳುವುದು ಕನಿಷ್ಠ 3.5. ಘಾಟಿ ಹತ್ತುವ ಡೀಸೆಲ್ ಗಾಡಿಗೆ ಸಿ3 ಬೇಕೆಂದಿದ್ದರೆ ಎರಡನೆಯ ಆಯಿಲ್ ಈ ಅಂಕಿಯಲ್ಲೂ ಬೂದಿಯಲ್ಲೂ ತಪ್ಪಿಹೋಗುತ್ತದೆ. ಇಂಧನ ಉಳಿತಾಯಕ್ಕೆಂದು ರೂಪಿಸಿದ ಸಣ್ಣ ಪೆಟ್ರೋಲ್ ಕಾರಿಗಾದರೆ ಎರಡನೆಯದೇ ಸರಿ. ಮೊದಲನೆಯದು ಅಲ್ಲಿ ಅನಗತ್ಯ ಎಳೆತ.

ನೋಆಕ್ ಎಂಬುದು 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದಾಗ ಆವಿಯಾಗಿ ಹೋಗುವ ಪಾಲು. ಎಪಿಐ ಎಸ್‌ಪಿಯ ಮಿತಿ ಶೇ 15. ಈ ಅಂಕಿ ಕಡಿಮೆ ಇದ್ದಷ್ಟೂ ಆಯಿಲ್ ಖರ್ಚಾಗುವುದು ಕಡಿಮೆ. ಟಿಬಿಎನ್ ಎಂದರೆ ದಹನದಿಂದ ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯ ಸಂಗ್ರಹ. ಬಳಸಿದಂತೆ ಅದು ಇಳಿಯುತ್ತದೆ. ಆಯಿಲ್ ಹರಿಯಬಲ್ಲ ಕನಿಷ್ಠ ಉಷ್ಣತೆಯನ್ನು ಹೇಳುವ ಪೋರ್ ಪಾಯಿಂಟ್ ಎಂಬ ಸಾಲಿನಲ್ಲಿ ಸೊನ್ನೆಗಿಂತ 36 ಡಿಗ್ರಿ ಕೆಳಗೆ, 42 ಡಿಗ್ರಿ ಕೆಳಗೆ ಎಂದೆಲ್ಲ ಇರುವುದನ್ನು ಮಂಗಳೂರಿನವರು ಓದದೆ ಬಿಟ್ಟರೆ ನಷ್ಟವಿಲ್ಲ.

ಹಂತ 5: ‘ಸಿಂಥೆಟಿಕ್’ ಎಂದು ಬರೆದದ್ದು ಎಷ್ಟರ ಮಟ್ಟಿಗೆ ಸಿಂಥೆಟಿಕ್

1999ರಲ್ಲಿ ಅಮೆರಿಕದ ಜಾಹೀರಾತು ನಿಯಂತ್ರಣ ವಿಭಾಗವೊಂದರ ಮುಂದೆ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವಿನ ತಕರಾರು ಬಂದಾಗ, ಮೂರನೆಯ ಗುಂಪಿನ ತೈಲವನ್ನೂ ಸಿಂಥೆಟಿಕ್ ಎಂದು ಕರೆಯಬಹುದೆಂಬ ನಿಲುವು ಗೆದ್ದಿತು. ಅಂದಿನಿಂದ ಈ ಮಾತು ಸಡಿಲವಾಗಿಯೇ ಬಳಕೆಯಲ್ಲಿದೆ. ಇದರಿಂದ ಬೇಸರಪಡಬೇಕಿಲ್ಲ, ಇಂದಿನ ಮೂರನೆಯ ಗುಂಪಿನ ತೈಲಗಳು ನಿಜಕ್ಕೂ ಉತ್ತಮ. ‘ಸಿಂಥೆಟಿಕ್ ಟೆಕ್ನಾಲಜಿ’, ‘ಸೆಮಿ ಸಿಂಥೆಟಿಕ್’ ಎಂಬ ಬರಹಗಳಿಗೆ ಮಾತ್ರ ಬೆಲೆ ಕೊಡುವ ಮುನ್ನ ಯೋಚಿಸಬೇಕು. ಎಷ್ಟು ಪಾಲು ಸಿಂಥೆಟಿಕ್ ಎಂಬುದು ಆ ಪದಗಳಿಂದ ತಿಳಿಯದು.

ಸುಳಿವುಗಳು ಬೇರೆ ಕಡೆ ಇವೆ. 0ಡಬ್ಲ್ಯು ದರ್ಜೆಯ ಆಯಿಲನ್ನು ನೋಆಕ್ ಮಿತಿಯೊಳಗೆ ತಯಾರಿಸಲು ಸಾಮಾನ್ಯ ಮಿನರಲ್ ತೈಲದಿಂದ ಸಾಧ್ಯವಾಗದ ಕಾರಣ, ಅಲ್ಲಿ ಮೂರನೆಯ ಗುಂಪು ಅಥವಾ ಅದಕ್ಕಿಂತ ಮೇಲಿನದು ಇದ್ದೇ ಇರುತ್ತದೆ. 20ಡಬ್ಲ್ಯು-50 ಡಬ್ಬಿಯ ಮೇಲೆ ಸಿಂಥೆಟಿಕ್ ಎಂದಿದ್ದರೆ ಮಾತ್ರ ಪ್ರಶ್ನೆ ಏಳುತ್ತದೆ. ಡೇಟಾ ಶೀಟಿನ ಜೊತೆಗೆ ಸಿಗುವ ಸುರಕ್ಷತಾ ಹಾಳೆಯಲ್ಲಿ 68037-01-4 ಎಂಬ ಸಿಎಎಸ್ ಸಂಖ್ಯೆ (ರಾಸಾಯನಿಕಗಳ ಗುರುತಿನ ಸಂಖ್ಯೆ) ಕಂಡರೆ ಅದು ಪಾಲಿಆಲ್ಫಾಓಲಿಫಿನ್. ಬಿಸಿ ಏರಿಳಿದಾಗ ಸ್ನಿಗ್ಧತೆ ಎಷ್ಟು ಕಡಿಮೆ ಬದಲಾಗುತ್ತದೆ ಎಂಬುದನ್ನು ಹೇಳುವ ವಿಸ್ಕಾಸಿಟಿ ಇಂಡೆಕ್ಸ್ 150 ದಾಟಿದ್ದಷ್ಟರಿಂದಲೇ ಸಿಂಥೆಟಿಕ್ ಎಂದು ತೀರ್ಮಾನಿಸಬಾರದು. ಪಾಲಿಮರ್ ಬೆರೆಸಿಯೂ ಆ ಅಂಕಿಯನ್ನು ಏರಿಸಬಹುದು.

ಹಂತ 6: ಡಬ್ಬಿಯ ತಪಾಸಣೆ

ಮುಚ್ಚಳದ ಉಂಗುರ ಮುರಿಯದಿರಬೇಕು, ಬಾಯಿಯ ಸೀಲ್ ಸಪಾಟಾಗಿ ಅಂಟಿರಬೇಕು, ಬ್ಯಾಚ್ ಸಂಖ್ಯೆ ಮತ್ತು ತಯಾರಿಕೆಯ ತಿಂಗಳು ಉಜ್ಜಿದರೆ ಅಳಿಯಬಾರದು. ಸೀಲ್ ತೆರೆಯದ ಹೊಸ ಆಯಿಲಿನಲ್ಲಿ ಅಡಿಯಲ್ಲಿ ಗಸಿ ಅಥವಾ ಮಬ್ಬು ಕಂಡರೆ ಹಿಂದಿರುಗಿಸಿ. ಹೊಸ ಆಯಿಲಿನಲ್ಲಿ ಕಣ್ಣಿಗೆ ಕೆಲಸ ಇರುವುದು ಇಲ್ಲಿ ಮಾತ್ರ.

ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲಿನ ಬಗ್ಗೆ ಕರಾವಳಿಯಲ್ಲಿ ವಿಶೇಷ ಆತಂಕವಿದೆ. ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಬಂದು, ರಾತ್ರಿ ತಣಿದಾಗ ಕುಗ್ಗುತ್ತದೆ. ಆಗ ಬಿರಡೆಯ ಸಂದಿನಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನವೂ ನಡೆಯುವ ಕ್ರಿಯೆ. ಡ್ರಮ್ಮನ್ನು ಸೂರಿನಡಿ, ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಆಯಿಲಿನ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಟ್ಟಿರುವ ಗ್ಯಾರೇಜನ್ನು ನಂಬಬಹುದು.

ಹಂತ 7: ಓಡಿದ ಆಯಿಲಿನ ಬಣ್ಣ ಓದುವುದು

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆಯಿರಿ. ಬಿಳಿಯ ಕಾಗದಕ್ಕೆ ಒತ್ತಿ ಹಗಲು ಬೆಳಕಿನಲ್ಲಿ ನೋಡಿ. ಡೀಸೆಲ್ ಇಂಜಿನ್ನಿನ ಆಯಿಲ್ ಕೆಲವು ನೂರು ಕಿಲೋಮೀಟರಿನಲ್ಲೇ ಕಪ್ಪಾಗುತ್ತದೆ. ಮಸಿಯನ್ನು ಡಿಸ್ಪರ್ಸೆಂಟ್ ತನ್ನೊಳಗೆ ಹಿಡಿದುಕೊಳ್ಳುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ, ಬದಲಿಸುವ ಕಾರಣವಲ್ಲ. ಪೆಟ್ರೋಲ್ ಇಂಜಿನ್ನಿನಲ್ಲಿ ಬಣ್ಣ ನಿಧಾನವಾಗಿ ಗಾಢವಾಗುತ್ತದೆ. ಕಪ್ಪಾಯಿತೆಂದು 3,000 ಕಿಲೋಮೀಟರಿಗೇ ಒಳ್ಳೆಯ ಸಿಂಥೆಟಿಕ್ ಆಯಿಲನ್ನು ಚೆಲ್ಲುವವರು ಹಣವನ್ನು ಚೆಲ್ಲುತ್ತಿದ್ದಾರೆ.

ಗಂಭೀರವಾಗಿ ತೆಗೆದುಕೊಳ್ಳಬೇಕಾದ ಬಣ್ಣ ಹಾಲು ಬೆರೆಸಿದ ಕಾಫಿಯಂಥದ್ದು. ಅದು ಡಿಪ್‌ಸ್ಟಿಕ್‌ನಲ್ಲೇ ಕಂಡರೆ ಆಯಿಲಿಗೆ ನೀರು ಅಥವಾ ಕೂಲೆಂಟ್ ಸೇರಿದೆ. ಹೆಡ್ ಗ್ಯಾಸ್ಕೆಟ್ ಮತ್ತು ಆಯಿಲ್ ಕೂಲರನ್ನು ಪರೀಕ್ಷಿಸಬೇಕು. ಆಯಿಲ್ ಸುರಿಯುವ ಮುಚ್ಚಳದ ಒಳಮೈಯಲ್ಲಿ ಮಾತ್ರ ತೆಳು ಕೆನೆಯಂತೆ ಕಂಡರೆ, ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರ್ಕೆಟಿಗೆ ಎಂದು ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರಿಲ್ಲ ಎಂದರ್ಥ. ಮಳೆಗಾಲದಲ್ಲಿ ಇದು ಹೆಚ್ಚು. ವಾರಕ್ಕೊಮ್ಮೆ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಮೂಲ್ಕಿಯವರೆಗೆ ಹೋಗಿ ಬಂದರೆ ಸಾಮಾನ್ಯವಾಗಿ ಮಾಯವಾಗುತ್ತದೆ.

ಆಯಿಲ್ ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೆ ಇಂಧನ ಸೇರಿದೆ. ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಆಯಿಲಿನ ಮಟ್ಟ ಮೇಲಿನ ಗುರುತನ್ನೂ ದಾಟಿ ಏರಿದ್ದರೆ, ಡಿಪಿಎಫ್ ಶುದ್ಧಿಯ ಹೊತ್ತಿನಲ್ಲಿ ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಇಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಇಳಿದಿದೆ ಎಂದು ತಿಳಿಯಬೇಕು. ಅಂಥ ಆಯಿಲನ್ನು ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಬೇಕು. ಕಾಗದದ ಮೇಲೆ ಮಿನುಗುವ ಲೋಹದ ಪುಡಿ ಕಂಡರೆ ಗಾಡಿಯನ್ನು ನಿಲ್ಲಿಸುವುದೇ ಸರಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಚುಕ್ಕಿಯದು. ಬಿಸಿ ಆಯಿಲಿನ ಒಂದು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು, ಕಾಗದದ ಅಡಿ ಏನೂ ತಾಗದಂತೆ ಲೋಟದ ಬಾಯಿಗೆ ಇಟ್ಟು, ಒಂದು ದಿನ ಬಿಡಿ. ಮಳೆ ಸುರಿಯುವ ಆಟಿಯ ತಿಂಗಳಲ್ಲಿ ಕಾಗದ ತಾನೇ ತೇವ ಕುಡಿದಿರುವುದರಿಂದ ಮೊದಲು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿಕೊಳ್ಳಬೇಕು, ಇಲ್ಲವಾದರೆ ಹನಿ ಹರಡುವ ರೀತಿಯೇ ಬದಲಾಗುತ್ತದೆ. ಮಸಿ ನಡುವಿನಿಂದ ಅಂಚಿನವರೆಗೆ ಮೆಲ್ಲಗೆ ತಿಳಿಯಾಗುತ್ತ ಹರಡಿದ್ದರೆ ಡಿಸ್ಪರ್ಸೆಂಟ್ ಇನ್ನೂ ಜೀವಂತವಾಗಿದೆ. ನಡುವೆ ದಟ್ಟ ಕಪ್ಪು ಬೊಟ್ಟಾಗಿ ಕುಳಿತು, ಅದರ ಅಂಚು ಕತ್ತರಿಸಿದಂತೆ ಚೂಪಾಗಿ, ಹೊರಗೆ ಬರೀ ಎಣ್ಣೆಯ ಕಲೆ ಮಾತ್ರ ಇದ್ದರೆ ಆಯಿಲಿಗೆ ಮಸಿ ಹೊರುವ ಶಕ್ತಿ ಮುಗಿದಿದೆ.

ಹಂತ 8: ನೆರೆನೀರಿನಲ್ಲಿ ನಿಂತ ಗಾಡಿ

ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆ ಜೋರು ಮಳೆಗೆ ರಸ್ತೆಯಲ್ಲಿ ನೀರು ನಿಲ್ಲುವುದು ಹೊಸತಲ್ಲ. ನೀರಿನಲ್ಲಿ ಗಾಡಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿ ತಂದು ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ, ನಂತರ ಡಿಪ್‌ಸ್ಟಿಕ್ ತೆಗೆಯಿರಿ. ನೀರು ಆಯಿಲಿಗಿಂತ ಭಾರವಾದ್ದರಿಂದ ನಿಂತ ಇಂಜಿನ್ನಿನಲ್ಲಿ ಅದು ಚೇಂಬರಿನ ತಳದಲ್ಲಿರುತ್ತದೆ, ಮೇಲಿನ ಆಯಿಲಿನ ಬಣ್ಣ ಮಾಮೂಲಿನಂತೆಯೇ ಕಾಣಬಹುದು. ಮಟ್ಟ ಏರಿದೆಯೇ ಎಂಬುದೇ ಇಲ್ಲಿ ಮುಖ್ಯ. ಡ್ರೈನ್ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಸ್ವಲ್ಪವೇ ಸಡಿಲಿಸಿದರೆ ಮೊದಲು ಹನಿಯುವುದು ನೀರೋ ಆಯಿಲೋ ಎಂಬುದು ಕಣ್ಣಿಗೇ ಕಾಣುತ್ತದೆ. ನೀರಾಗಿದ್ದರೆ ಫಿಲ್ಟರ್ ಸಹಿತ ಎಲ್ಲವನ್ನೂ ತೆಗೆದು, ಸಿಲಿಂಡರುಗಳಲ್ಲಿ ನೀರಿಲ್ಲವೆಂದು ಮೆಕ್ಯಾನಿಕ್ ಖಚಿತಪಡಿಸಿದ ಮೇಲೆ ಅದೇ ದರ್ಜೆಯ ಅಗ್ಗದ ಆಯಿಲ್ ತುಂಬಿ, ಕೆಲವು ನಿಮಿಷ ಓಡಿಸಿ, ಅದನ್ನೂ ತೆಗೆದ ನಂತರವೇ ಒಳ್ಳೆಯ ಆಯಿಲ್ ಹಾಕಿ.

ತೆಗೆದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ಚರಂಡಿಗೆ ಸುರಿಯದೆ, ಪರವಾನಗಿ ಇರುವ ಸಂಗ್ರಹಕಾರರಿಗೆ ಕೊಡುವ ಗ್ಯಾರೇಜಿಗೇ ಒಪ್ಪಿಸಿ. ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ಸ್ಕ್ರೂಡ್ರೈವರಿನಿಂದ ತೂತು ಮಾಡಿ, ಲೇಬಲ್ ಹರಿದುಬಿಡಿ. ಹಾಗೆ ಮಾಡಿದ ಡಬ್ಬಿಯಲ್ಲಿ ನಕಲಿ ಆಯಿಲ್ ತುಂಬಿ ಮಾರಲು ಬರುವುದಿಲ್ಲ.